ಒಂದೇ ಉಗ್ರಾಣ, ಹಲವು ಬೀಗದ ಕೈಗಳು

ಕೂಡಿ ಬಾಳುವ ಮನೆಯಲ್ಲಿ ಎಲ್ಲವೂ ಎಲ್ಲರದು ಎಂಬ ಮಾತು ಕೇಳುವುದಕ್ಕೆ ಬಹು ಹಿತವಾಗಿರುತ್ತದೆ. ಆದರೆ ಹಾಗೆ ಹೇಳುವ ಮನೆಯಲ್ಲಿಯೂ ಉಗ್ರಾಣದ ಬೀಗದ ಕೈ ಒಬ್ಬರ ಸೊಂಟದಲ್ಲಿರುತ್ತದೆ. ಹಿರಿಯರ ದೇವರ ಪೆಟ್ಟಿಗೆಯನ್ನು ಮಕ್ಕಳು ಮುಟ್ಟುವುದಿಲ್ಲ. ಸೊಸೆಯು ತವರಿನಿಂದ ತಂದ ಟ್ರಂಕನ್ನು ಅತ್ತೆಯಾದವಳು ಆಕೆಯನ್ನು ಕೇಳದೆ ತೆರೆಯುವುದಿಲ್ಲ. ಇಷ್ಟರಿಂದ ಆ ಮನೆಯ ಒಗ್ಗಟ್ಟಿಗೆ ಕುಂದು ಬಂದಿತೆಂದು ಯಾರೂ ಹೇಳಿಯಾರು ಎಂದು ನಮಗೆ ತೋರುವುದಿಲ್ಲ. ಈ ಹಳೆಯ ವಿವೇಕವನ್ನು, ಈಚೆಗೆ ನಮ್ಮ ಮನೆಗಳನ್ನು ಹೊಕ್ಕಿರುವ ಒಂದು ಹೊಸ ಉಗ್ರಾಣದ ವಿಷಯದಲ್ಲಿ ಮಾತ್ರ ನಾವು ಮರೆತಂತಿದೆ. ಆದುದರಿಂದ ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದಿಡಬೇಕೆಂದಿದ್ದೇವೆ.

ಹೊಸ ಉಗ್ರಾಣವೆಂದರೆ ಮನೆಯ ಸರ್ವರು. ಇದೇನೋ ದೊಡ್ಡ ಯಂತ್ರವೆಂದು ಯಾರೂ ಹೆದರಬೇಕಾದುದಿಲ್ಲ. ಮೂಲೆಗೆ ಸೇರಿಸಿದ ಹಳೆಯ ಕಂಪ್ಯೂಟರಾಗಲಿ, ೨೦೧೨ರಲ್ಲಿ ಮೊದಲು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ, ಅಂಗೈಯಲ್ಲಿ ಹಿಡಿಸುವ ಸಣ್ಣ ಕಂಪ್ಯೂಟರಾಗಲಿ, ಒಂದು ದೊಡ್ಡ ಡಿಸ್ಕಿನೊಡನೆ ಹಗಲಿರುಳು ಚಾಲನೆಯಲ್ಲಿದ್ದು ಮನೆಮಂದಿಯ ಕಡತಗಳನ್ನು ಕಾಯುತ್ತಿದ್ದರೆ ಅದೇ ಸರ್ವರು. ಮದುವೆಯ ಚಿತ್ರಗಳು, ಮನೆಯ ಕ್ರಯಪತ್ರದ ನಕಲು, ಮಕ್ಕಳ ಅಂಕಪಟ್ಟಿ, ವೈದ್ಯರ ವರದಿಗಳು, ಹಿರಿಯರ ಧ್ವನಿ, ಇವೆಲ್ಲ ಈಗ ಕಬ್ಬಿಣದ ಬೀರುವಿನಲ್ಲಿಲ್ಲ, ಅಲ್ಲಿರುತ್ತವೆ. ಅಲ್ಲಿಗೆ ಕಡತಗಳನ್ನು ಕಳುಹಿಸುವುದಕ್ಕೂ ಅಲ್ಲಿಂದ ತರಿಸಿಕೊಳ್ಳುವುದಕ್ಕೂ ಮನೆಯ ಹಲವರಿಗೆ ಪ್ರವೇಶ ಕಲ್ಪಿಸಬೇಕಾಗುತ್ತದೆ. ಆ ಪ್ರವೇಶವನ್ನು ಯಾವ ಕ್ರಮದಲ್ಲಿ ಕಲ್ಪಿಸಬೇಕೆಂಬುದೇ ಇಲ್ಲಿಯ ವಿಚಾರ.

ಬಹುಮಂದಿ ಮಾಡುವುದು ಅತಿ ಸುಲಭವಾದ ಕ್ರಮ: ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಇದರ ಫಲವನ್ನು ತೋರಿಸುವುದಕ್ಕೆ ನಮಗೆ ಪರಿಚಯವಿರುವ ಒಂದು ಮನೆಯಲ್ಲಿ ನಡೆದುದನ್ನು ಹೇಳುವುದು ಅಪ್ರಸ್ತುತವಾಗಲಾರದು. ಆ ಮನೆಯಲ್ಲಿ ಸರ್ವರನ್ನು ಬಳಸುವವರು ಆರು ಜನ. ಎಂಬತ್ತು ದಾಟಿದ ಹಿರಿಯಾಕೆಯ ನಾಲಗೆಯ ಮೇಲೆ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು ಎಂದು ಲೆಕ್ಕವಿಲ್ಲದಷ್ಟು ಹಾಡುಗಳಿದ್ದವು. ಬೇರೆ ಊರಿನಲ್ಲಿದ್ದ ಮಗಳು ಎರಡು ಬೇಸಗೆಗಳಲ್ಲಿ ತವರಿಗೆ ಬಂದು, ತಾಯಿಯ ಮುಂದೆ ಕುಳಿತು, ಅವುಗಳಲ್ಲಿ ಅರುವತ್ತನ್ನು ಧ್ವನಿಮುದ್ರಿಸಿ ಸರ್ವರಿನಲ್ಲಿಟ್ಟು ಹೋಗಿದ್ದಳು. ಹಿರಿಯಾಕೆ ತೀರಿಕೊಂಡು, ವರ್ಷಾಬ್ದಿಕಕ್ಕೆ ಎಲ್ಲರೂ ಸೇರಿದ್ದಾಗ, ಆ ಧ್ವನಿಯನ್ನು ಕೇಳೋಣವೆಂದು ತೆರೆದರೆ ಅಲ್ಲಿ ಏನೂ ಇರಲಿಲ್ಲ.

ಹಿಂದಿನ ವಾರವಷ್ಟೆ ಸರ್ವರಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದುದನ್ನು ಒಪ್ಪಮಾಡಿದವಳು ಸೊಸೆಯೆಂಬುದು ಮನೆಯವರೆಲ್ಲರಿಗೂ ತಿಳಿದಿತ್ತು. ಬಾಯಿಬಿಟ್ಟು ಯಾರೂ ಏನೂ ಹೇಳಲಿಲ್ಲ. ಹೇಳದೆ ಇದ್ದುದೇ ಆಕೆಗೆ ಹೆಚ್ಚಾಯಿತು. ಯಂತ್ರದ ದಿನಚರಿಯನ್ನು ತೆಗೆದು ನೋಡಿದರೆ ಅಲ್ಲಿ ಆರು ಜನರೂ ಒಂದೇ ಹೆಸರಿನಲ್ಲಿದ್ದರು. ಅದು ಯಾರ ಪರವಾಗಿಯೂ ಸಾಕ್ಷಿ ಹೇಳಲಾರದೆ ಹೋಯಿತು. ನಿಜಸಂಗತಿ ಹೊರಬಿದ್ದುದು ಹಲವು ತಿಂಗಳ ಮೇಲೆ. ಕಾಲೇಜಿನಲ್ಲಿ ಓದುವ ಹುಡುಗನು ತನ್ನ ಮೊಬೈಲಿಗೂ ಸರ್ವರಿಗೂ ಪರಸ್ಪರ ಹೊಂದಾಣಿಕೆಯನ್ನು ಏರ್ಪಡಿಸಿಕೊಂಡಿದ್ದನು. ಒಂದರಲ್ಲಿರುವುದು ಮತ್ತೊಂದರಲ್ಲಿಯೂ ಇರಬೇಕು, ಒಂದರಲ್ಲಿ ಅಳಿಸಿದುದು ಮತ್ತೊಂದರಲ್ಲಿಯೂ ಅಳಿಯಬೇಕು ಎಂಬುದು ಅದರ ನಿಯಮ. ಮೊಬೈಲಿನಲ್ಲಿ ಸ್ಥಳ ಸಾಲದೆ ಅವನು ಅಲ್ಲಿದ್ದುದನ್ನು ಅಳಿಸಿದನು. ನಿಯಮದಂತೆ ಸರ್ವರಿನಲ್ಲಿದ್ದುದೂ ಅಳಿಯಿತು. ಹುಡುಗನಿಗೆ ಇದರ ಅರಿವೇ ಇರಲಿಲ್ಲ. ಮಗಳ ಬಳಿ ಹತ್ತಿಪ್ಪತ್ತು ಹಾಡುಗಳ ಪ್ರತಿ ಉಳಿದಿತ್ತು, ಮಿಕ್ಕವು ಹೋದುವು. ಹೋದ ಹಾಡುಗಳಿಗಿಂತಲೂ, ನಿರಪರಾಧಿಯಾದ ಹೆಣ್ಣುಮಗಳೊಬ್ಬಳು ಅಷ್ಟು ತಿಂಗಳು ತನ್ನ ಮನೆಯಲ್ಲಿಯೇ ತಲೆತಗ್ಗಿಸಿ ಓಡಾಡಿದಳಲ್ಲ, ಅದು ನಮ್ಮ ಮನಸ್ಸನ್ನು ಹೆಚ್ಚು ನೋಯಿಸಿತು.

ಇಲ್ಲಿ ದೋಷ ಹುಡುಗನದೆಂದು ನಾವು ಹೇಳುವುದಿಲ್ಲ. ಎಲ್ಲರಿಗೂ ಒಂದೇ ಹೆಸರನ್ನು ಕೊಟ್ಟ ಏರ್ಪಾಡಿನಲ್ಲಿ ಯಾರು ಬೇಕಾದರೂ ಯಾರದನ್ನು ಬೇಕಾದರೂ ಅಳಿಸಬಲ್ಲರು. ಯಾರು ಅಳಿಸಿದರೆಂಬುದು ಮಾತ್ರ ತಿಳಿಯಲಾರದು. ಹಾಳುಮಾಡುವ ಶಕ್ತಿ ಎಲ್ಲರಿಗೂ ಇದ್ದು ಹೊಣೆ ಯಾರಿಗೂ ಇಲ್ಲದ ಕಡೆಯಲ್ಲಿ ಸಂದೇಹವೇ ನ್ಯಾಯಾಧೀಶನಾಗುತ್ತದೆ. ಅದರ ಮುಂದೆ ಸೋಲುವವರು ಸಾಮಾನ್ಯವಾಗಿ ಮನೆಯಲ್ಲಿ ಬಲ ಕಡಿಮೆಯಿರುವವರು.

ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳುವ ಈ ಸಮಸ್ಯೆ ಹೊಸದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೋರ್ಬಾಟೊ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ೧೯೬೧ರಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲದಲ್ಲಿ ಉಪಯೋಗಿಸುವ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಪ್ರತಿಯೊಬ್ಬರ ಕಡತಗಳೂ ಪ್ರತ್ಯೇಕವಾಗಿರಬೇಕಾದುದರಿಂದ ಆ ವ್ಯವಸ್ಥೆಯಲ್ಲಿ ಪಾಸ್‌ವರ್ಡು ಬಳಕೆಗೆ ಬಂದಿತು. ಅಲ್ಲಿಯೇ ೧೯೬೬ರಲ್ಲಿ ಒಂದು ವಿನೋದವೂ ನಡೆಯಿತು. ಆ ಕಾಲದ ತಿದ್ದುವ ಸಾಧನವು, ಒಂದು ಫೋಲ್ಡರಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಕೆಲಸಮಾಡುವರೆಂಬ ಭಾವನೆಯಿಂದ ರಚಿತವಾದುದು. ಆದರೆ ಮೇಲ್ವಿಚಾರಕರೆಲ್ಲರೂ ಒಂದೇ ಫೋಲ್ಡರನ್ನು ಹಂಚಿಕೊಂಡಿದ್ದರು. ಒಂದು ದಿನ ಒಬ್ಬರು ಅಲ್ಲಿ ಆ ದಿನದ ಪ್ರಕಟಣೆಯನ್ನು ತಿದ್ದುತ್ತಿದ್ದರು. ಅದೇ ಹೊತ್ತಿಗೆ ಇನ್ನೊಬ್ಬರು ಪಾಸ್‌ವರ್ಡುಗಳ ಪಟ್ಟಿಯನ್ನು ತಿದ್ದುತ್ತಿದ್ದರು. ಎರಡೂ ಅದಲುಬದಲಾಗಿ, ಪ್ರವೇಶಿಸಿದವರಿಗೆಲ್ಲ ಪ್ರಕಟಣೆಗೆ ಬದಲಾಗಿ ಸರ್ವರ ಪಾಸ್‌ವರ್ಡುಗಳೂ ಕಾಣಿಸಿದುವು! ಅಷ್ಟು ದೊಡ್ಡ ಪಂಡಿತರ ನಡುವೆಯೂ, ಹಂಚಿಕೊಂಡ ಜಾಗದಲ್ಲಿ ಯಾರ ಕೈ ಎಲ್ಲಿಯವರೆಗೆ ಎಂಬುದನ್ನು ಗೊತ್ತುಮಾಡದಿದ್ದುದರ ಫಲವಿದು.

ಮುಂದೆ ಜೆರೊಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬಿಬ್ಬರು ೧೯೭೫ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ವಿಷಯದ ಮೂಲಸೂತ್ರಗಳನ್ನು ಕ್ರೋಡೀಕರಿಸಿದರು. ಯಾರಿಗೇ ಆಗಲಿ ಅವರವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು, ಅದಕ್ಕಿಂತ ಹೆಚ್ಚು ಕೂಡದು ಎಂಬುದು ಅವುಗಳಲ್ಲಿ ಒಂದು. ಮನೆಯ ಸರ್ವರಿಗೂ ಇದಕ್ಕಿಂತ ಬೇರೆ ಸೂತ್ರ ಬೇಕಾಗಿಲ್ಲ.

ಕಡತಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ಪದ್ಧತಿಯನ್ನು ಮೊದಲು ಬರೆದಿಟ್ಟವರು ನಮ್ಮ ದೇಶದವರೆಂಬುದು ನಮ್ಮ ಸೋದರ ಸೋದರಿಯರಿಗೆ ಸಂತೋಷ ಕೊಡಬಹುದು. ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದಲ್ಲಿ ಓದಿ ಮ್ಯಾಸಚೂಸೆಟ್ಸಿಗೆ ಹೋದ ಅಭಯ್ ಭೂಷಣ್ ಎಂಬವರು ೧೯೭೧ರ ಏಪ್ರಿಲ್ ತಿಂಗಳಲ್ಲಿ ಎಫ್.ಟಿ.ಪಿ. ಎಂಬ ಆ ಪದ್ಧತಿಯ ಪ್ರಥಮ ಲಕ್ಷಣಪತ್ರವನ್ನು ರಚಿಸಿದರು. ೧೯೮೫ರಲ್ಲಿ ಪರಿಷ್ಕೃತವಾದ ಅದು ಲೋಕಕ್ಕೆಲ್ಲ ದಶಕಗಳ ಕಾಲ ಉಪಕಾರಮಾಡಿತು. ಆದರೆ ಕೆಲವೇ ವಿದ್ಯಾಸಂಸ್ಥೆಗಳು ಪರಸ್ಪರ ನಂಬಿಕೊಂಡಿದ್ದ ಕಾಲದಲ್ಲಿ ಹುಟ್ಟಿದ ಆ ಪದ್ಧತಿಯಲ್ಲಿ ಹೆಸರೂ ಪಾಸ್‌ವರ್ಡೂ ಪೋಸ್ಟ್ ಕಾರ್ಡಿನ ಮೇಲೆ ಬರೆದಂತೆ ತೆರೆದಿರುತ್ತವೆ, ದಾರಿಯಲ್ಲಿರುವವರು ಓದಿಕೊಳ್ಳಬಹುದು. ೧೯೯೫ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಹೀಗೆ ಪಾಸ್‌ವರ್ಡುಗಳನ್ನು ಕದ್ದೋದಿದ ಮೇಲೆ, ಅಲ್ಲಿಯ ತಾತು ಯ್ಲೊನೆನ್ ಎಂಬವರು ಎಸ್.ಎಸ್.ಎಚ್. ಎಂಬ ಗೂಢಮಾರ್ಗವನ್ನು ನಿರ್ಮಿಸಿದರು. ಮೊಹರು ಮಾಡಿದ ಲಕೋಟೆಯಂತೆ ಅದರಲ್ಲಿ ಸಾಗುವುದನ್ನು ನಡುವಿನವರು ಓದಲಾರರು. ಆ ಮಾರ್ಗದಲ್ಲಿಯೇ ಕಡತಗಳನ್ನು ಸಾಗಿಸುವ ಕ್ರಮಕ್ಕೆ ಎಸ್.ಎಫ್.ಟಿ.ಪಿ. ಎಂದು ಹೆಸರು. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎಂಬ ಪ್ರಸಿದ್ಧ ಬ್ರೌಸರುಗಳು ೨೦೨೧ರಲ್ಲಿ ಹಳೆಯ ಎಫ್.ಟಿ.ಪಿ.ಯನ್ನು ಕೈಬಿಟ್ಟುವು. ಆದುದರಿಂದ ಹೊಸದಾಗಿ ಏರ್ಪಾಡು ಮಾಡುವವರು ಎಸ್.ಎಫ್.ಟಿ.ಪಿ.ಯನ್ನೇ ಆರಿಸಿಕೊಳ್ಳತಕ್ಕದ್ದು. ಅದಕ್ಕೆ ಬೇಕಾದ ಓಪನ್ ಎಸ್.ಎಸ್.ಎಚ್. ಎಂಬ ತಂತ್ರಾಂಶವು ಡೆಬಿಯನ್ ಮೊದಲಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಖರ್ಚಿಲ್ಲದೆ ದೊರೆಯುತ್ತದೆ.

ಇನ್ನು ಏರ್ಪಾಡಿನ ವಿಷಯ. ಮೊದಲನೆಯದಾಗಿ, ಮನೆಯಲ್ಲಿ ಸರ್ವರನ್ನು ಬಳಸುವ ಪ್ರತಿಯೊಬ್ಬರಿಗೂ ಪ್ರತ್ಯೇಕವಾದ ಹೆಸರೂ ಪ್ರತ್ಯೇಕವಾದ ಪಾಸ್‌ವರ್ಡೂ ಇರತಕ್ಕದ್ದು. ಅಜ್ಜನಿಗೆ ಒಂದು, ಗೃಹಿಣಿಗೆ ಒಂದು, ಮಗನಿಗೆ ಒಂದು, ಮಗಳಿಗೆ ಒಂದು. ಬಳಕೆದಾರರ ಹೆಸರನ್ನು ಸಣ್ಣ ರೋಮನ್ ಅಕ್ಷರಗಳಲ್ಲಿಡುವುದು ವಾಡಿಕೆ. ಫೋಲ್ಡರುಗಳ ಹೆಸರನ್ನಾದರೋ ಕನ್ನಡದಲ್ಲಿಯೇ ಇಡಬಹುದು. ಅನಂತರ ಇವರೆಲ್ಲರನ್ನೂ ‘ಕುಟುಂಬ’ ಎಂಬ ಒಂದು ಗುಂಪಿಗೆ ಸೇರಿಸಬೇಕು. ಲಿನಕ್ಸಿನ ಮನೆತನದಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನುಂಟು, ಒಂದು ಗುಂಪುಂಟು, ಇವೆರಡಕ್ಕೂ ಸೇರದ ಉಳಿದವರುಂಟು. ಈ ಮೂರು ವರ್ಗಕ್ಕೂ ಮೂರು ಬಗೆಯ ಅಧಿಕಾರಗಳನ್ನು ಅಂಕಿಗಳಿಂದ ಸೂಚಿಸುತ್ತಾರೆ: ಓದುವುದಕ್ಕೆ ೪, ಬರೆಯುವುದಕ್ಕೆ ೨, ಫೋಲ್ಡರಾದರೆ ಒಳಗೆ ಕಾಲಿಡುವುದಕ್ಕೆ ೧. ಮೂರೂ ಇದ್ದರೆ ಕೂಡಿ ೭, ಯಾವುದೂ ಇಲ್ಲದಿದ್ದರೆ ಸೊನ್ನೆ. ಮೊದಲ ಅಂಕಿ ಒಡೆಯನದು, ಎರಡನೆಯದು ಗುಂಪಿನದು, ಮೂರನೆಯದು ಉಳಿದವರದು. ಮಗ್ಗಿ ಬಲ್ಲ ಮಗುವೂ ಈ ಲೆಕ್ಕವನ್ನು ಮಾಡಬಲ್ಲುದು.

ಈಗ ಮನೆಯನ್ನು ಕಟ್ಟೋಣ. ‘ಮನೆ’ ಎಂಬ ಒಂದು ಹೊರಫೋಲ್ಡರನ್ನು ಮಾಡಿ, ಅದರ ಒಡೆತನವನ್ನು ಯಂತ್ರದ ಯಜಮಾನಿಕೆಯ ಹೆಸರಾದ ರೂಟಿಗೆ ಬಿಡಬೇಕು. ಅದರ ಅಂಕಿ ೭೫೫. ಅದರೊಳಗೆ ಪ್ರತಿಯೊಬ್ಬರಿಗೂ ಒಂದೊಂದು ಕೋಣೆ. ಆ ಕೋಣೆಯ ಒಡೆತನ ಅವರವರದು, ಅಂಕಿ ೭೦೦. ಎಂದರೆ, ರೂಟಿನ ಹೊರತು ಒಡೆಯರಲ್ಲದೆ ಮತ್ತಾರೂ ಅದರೊಳಗೆ ಇಣಿಕಿ ಸಹ ನೋಡಲಾರರು. ಕೊನೆಗೆ ಎಲ್ಲರಿಗೂ ಸಲ್ಲುವ ‘ಪಡಸಾಲೆ’. ಇದರ ಒಡೆತನ ರೂಟಿನದು, ಗುಂಪು ಕುಟುಂಬದ್ದು. ಚಿತ್ರಗಳು, ಹಾಡುಗಳು, ಎಲ್ಲರಿಗೂ ಬೇಕಾದ ಕಾಗದಪತ್ರಗಳು ಇಲ್ಲಿ.

ಪಡಸಾಲೆಯ ವಿಷಯದಲ್ಲಿಯೇ ಬಲ್ಲವರೂ ಎಡವುವ ಒಂದು ಸೂಕ್ಷ್ಮವಿದೆ. ಒಂದು ಕಡತವನ್ನು ಅಳಿಸುವ ಅಧಿಕಾರವು ಆ ಕಡತದ ಒಡೆಯನಿಗೆ ಸೇರಿದ್ದೆಂದು ನಾವೆಲ್ಲರೂ ಸಹಜವಾಗಿ ಭಾವಿಸುತ್ತೇವೆ. ಲಿನಕ್ಸಿನ ನ್ಯಾಯ ಬೇರೆ. ಯಾವ ಫೋಲ್ಡರಿನಲ್ಲಿ ಬರೆಯುವ ಅಧಿಕಾರವುಂಟೋ ಆ ಫೋಲ್ಡರಿನಲ್ಲಿರುವ ಯಾವ ಕಡತವನ್ನಾದರೂ, ಅದು ಯಾರದೇ ಆಗಿರಲಿ, ಅಳಿಸಬಹುದು! ಹಾಗೇಕೆಂದರೆ, ಫೋಲ್ಡರೆಂಬುದು ಅಲ್ಲಿರುವ ಕಡತಗಳ ಹೆಸರುಗಳ ಪಟ್ಟಿ. ಅಳಿಸುವುದೆಂದರೆ ಆ ಪಟ್ಟಿಯಲ್ಲಿ ಒಂದು ಹೆಸರನ್ನು ಹೊಡೆದುಹಾಕುವುದು. ಪಟ್ಟಿಯಲ್ಲಿ ಬರೆಯಬಲ್ಲವನು ಹೊಡೆದುಹಾಕಲೂ ಬಲ್ಲನು. ಪಡಸಾಲೆಯಲ್ಲಿ ವಸ್ತುವನ್ನು ಇಡುವ ಹಕ್ಕನ್ನು ಕೊಟ್ಟೊಡನೆ ಇನ್ನೊಬ್ಬರದನ್ನು ಎತ್ತಿ ಎಸೆಯುವ ಹಕ್ಕೂ ಕೊಟ್ಟಂತಾಯಿತು. ಎಲ್ಲರಿಗೂ ಬೇರೆ ಬೇರೆ ಹೆಸರನ್ನು ಕೊಟ್ಟು ಇಷ್ಟಕ್ಕೇ ನಿಲ್ಲಿಸಿದ ಮನೆಯಲ್ಲಿ ಯಾರು ಅಳಿಸಿದರೆಂದು ತಿಳಿಯಬಹುದು, ಹಾಡುಗಳು ಮಾತ್ರ ಉಳಿಯಲಾರವು.

ಇದಕ್ಕೆ ಪರಿಹಾರವು ವ್ಯವಸ್ಥೆಯಲ್ಲಿಯೇ ಇದೆ. ಮೂರು ಅಂಕಿಗಳ ಮುಂದೆ ನಾಲ್ಕನೆಯದೊಂದನ್ನು ಇಡಬಹುದು. ಅಲ್ಲಿ ೧ ಎಂದರೆ ಸ್ಟಿಕಿ ಬಿಟ್ ಎಂಬ ಗುರುತು. ಅದು ಇರುವ ಫೋಲ್ಡರಿನಲ್ಲಿ ಒಂದು ಕಡತವನ್ನು ಅಳಿಸುವುದಕ್ಕಾಗಲಿ ಅದರ ಹೆಸರನ್ನು ಬದಲಾಯಿಸುವುದಕ್ಕಾಗಲಿ ಕಡತದ ಒಡೆಯನಿಗೂ, ಫೋಲ್ಡರಿನ ಒಡೆಯನಿಗೂ, ರೂಟಿಗೂ ಮಾತ್ರ ಅಧಿಕಾರ. ಅಲ್ಲಿಯೇ ೨ ಎಂದರೆ ಸೆಟ್‌ಜಿಐಡಿ ಎಂಬ ಗುರುತು. ಅದರಿಂದ ಆ ಫೋಲ್ಡರಿನಲ್ಲಿ ಹೊಸದಾಗಿ ಹುಟ್ಟುವ ಕಡತಗಳೆಲ್ಲ ತಾವಾಗಿಯೇ ‘ಕುಟುಂಬ’ದ ಗುಂಪಿಗೆ ಸೇರುತ್ತವೆ. ಎರಡೂ ಬೇಕಾದುದರಿಂದ ೩. ಆದಕಾರಣ ಪಡಸಾಲೆಯ ಅಂಕಿ ೩೭೭೦. ಇದರ ಜೊತೆಗೆ ಎಸ್.ಎಫ್.ಟಿ.ಪಿ.ಗೆ ಯೂಮಾಸ್ಕ್ ಎಂಬ ಕಳೆಯುವ ಅಂಕಿಯನ್ನು ೦೨೭ ಎಂದು ಕೊಡಬೇಕು. ಆಗ ಮಗಳು ಇಟ್ಟ ಹಾಡನ್ನು ಉಳಿದವರು ಕೇಳಬಹುದು, ತಮ್ಮ ಕೋಣೆಗೆ ನಕಲು ಮಾಡಿಕೊಳ್ಳಬಹುದು; ತಿದ್ದಲಾರರು, ಅಳಿಸಲಾರರು. ಹುಡುಗನ ಮೊಬೈಲು ಆ ಹಾಡುಗಳನ್ನು ಅಳಿಸೆಂದು ಎಷ್ಟು ಬಾರಿ ಕೇಳಿದ್ದರೂ ಸರ್ವರು ಒಪ್ಪುತ್ತಿರಲಿಲ್ಲ. ಎಲ್ಲರೂ ತಿದ್ದಬೇಕಾದ ದಿನಸಿಯ ಲೆಕ್ಕದಂಥ ಕಡತಕ್ಕೆ ಮಾತ್ರ ಅದರ ಒಡೆಯರು ಗುಂಪಿಗೆ ಬರೆಯುವ ಅಧಿಕಾರವನ್ನು ಬೇರೆಯಾಗಿ ಕೊಟ್ಟರಾಯಿತು.

ಬಳಕೆದಾರರು ಈ ‘ಮನೆ’ಯನ್ನು ಬಿಟ್ಟು ಯಂತ್ರದ ಬೇರೆ ಭಾಗಗಳಲ್ಲಿ ಅಲೆಯದಂತೆ ಆವರಣವನ್ನೂ ಹಾಕಬಹುದು. ಓಪನ್ ಎಸ್.ಎಸ್.ಎಚ್.ನ ನಿಯಮಪತ್ರದಲ್ಲಿ ‘ಕುಟುಂಬ’ದ ಗುಂಪಿನವರಿಗೆ ಮೂರು ನಿಯಮಗಳನ್ನು ಬರೆಯತಕ್ಕದ್ದು: ‘ಮನೆ’ಯೇ ಅವರ ಸರ್ವಸ್ವವೆಂಬ ಚರೂಟ್ ನಿಯಮ ಒಂದು; ಕಡತ ಸಾಗಿಸುವುದರ ಹೊರತು ಬೇರೆ ಆಜ್ಞೆಗಳನ್ನು ನಡೆಸಕೂಡದೆಂಬುದು ಒಂದು; ಈ ಮಾರ್ಗದ ಮೂಲಕ ಬೇರೆ ಸಂಪರ್ಕಗಳನ್ನು ಹಾಯಿಸಕೂಡದೆಂಬುದು ಇನ್ನೊಂದು. ಇಲ್ಲಿ ಬಹುಮಂದಿಯನ್ನು ಕಂಗೆಡಿಸುವ ಸಂಗತಿಯೊಂದುಂಟು. ಪಾಸ್‌ವರ್ಡು ಸರಿಯಾಗಿದ್ದರೂ ಒಳಹೊಕ್ಕ ಮರುಕ್ಷಣವೇ ಸಂಪರ್ಕವು ಕಡಿದುಹೋಗುತ್ತದೆ. ಹಾಗಾದಲ್ಲಿ ಆವರಣದ ಫೋಲ್ಡರನ್ನು ಪರೀಕ್ಷಿಸಬೇಕು. ಅದೂ ಅದರ ಮೇಲಿನ ಫೋಲ್ಡರುಗಳೂ ರೂಟಿನ ಒಡೆತನದಲ್ಲಿಯೇ ಇದ್ದು, ಮತ್ತಾರಿಗೂ ಅಲ್ಲಿ ಬರೆಯುವ ಅಧಿಕಾರ ಇರಕೂಡದೆಂದು ಆ ತಂತ್ರಾಂಶದ ಕಟ್ಟುನಿಟ್ಟು. ಹೊರಫೋಲ್ಡರನ್ನು ರೂಟಿಗೆ ಬಿಡಬೇಕೆಂದು ನಾವು ಹೇಳಿದುದು ಇದಕ್ಕಾಗಿಯೇ. ನಿಯಮಪತ್ರವನ್ನು ತಿದ್ದುವಾಗ ಆಗಲೇ ತೆರೆದಿರುವ ಸಂಪರ್ಕವನ್ನು ಮುಚ್ಚದೆ, ಇನ್ನೊಂದು ಸಂಪರ್ಕದಿಂದ ಪರೀಕ್ಷಿಸಿ ನೋಡುವುದು ಜಾಣತನ. ಇಲ್ಲದಿದ್ದಲ್ಲಿ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಕೈಯನ್ನು ಒಳಗೆ ಮರೆತವನ ಪಾಡಾಗುತ್ತದೆ.

ಇಷ್ಟನ್ನೂ ಮನೆಯಲ್ಲಿ ಬಲ್ಲವರೊಬ್ಬರು ಒಂದು ದಿನ ಕುಳಿತು ಮಾಡಿದರೆ ಸಾಕು. ಮಿಕ್ಕವರು ಕಲಿಯಬೇಕಾದುದು ಅತ್ಯಲ್ಪ. ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿ ಮೊದಲಾದ ಸಾಧನಗಳಲ್ಲಿ ಸರ್ವರಿನ ವಿಳಾಸ, ತಮ್ಮ ಹೆಸರು, ತಮ್ಮ ಪಾಸ್‌ವರ್ಡು ಈ ಮೂರನ್ನು ತುಂಬಿದರೆ ತಮ್ಮ ಕೋಣೆಯೂ ಪಡಸಾಲೆಯೂ ಕಣ್ಣೆದುರಿಗೆ ಬರುತ್ತವೆ. ಮೊದಲ ಸಲ ಸರ್ವರು ತನ್ನ ಗುರುತಿನ ಅಕ್ಷರಮಾಲೆಯೊಂದನ್ನು ತೋರಿಸಿ ಒಪ್ಪಿಗೆ ಕೇಳುತ್ತದೆ. ಏರ್ಪಾಡು ಮಾಡಿದವರ ಬಳಿ ಇರುವುದರೊಡನೆ ತಾಳೆನೋಡಿ ಒಪ್ಪಬೇಕು. ಮುಂದೆ ಎಂದಾದರೂ ಆ ಗುರುತು ಬದಲಾಗಿದೆಯೆಂಬ ಎಚ್ಚರಿಕೆ ಬಂದರೆ, ವಿಚಾರಿಸದೆ ಪಾಸ್‌ವರ್ಡನ್ನು ಕೊಡಕೂಡದು.

ಮನೆಯವರೊಳಗೆ ಇಷ್ಟು ಬೀಗಗಳೇಕೆ, ಇದು ಅವಿಶ್ವಾಸದ ಲಕ್ಷಣವಲ್ಲವೆ ಎಂಬ ಶಂಕೆ ಕೆಲವರಿಗೆ ಬರಬಹುದು. ವಿಶೇಷವಾಗಿ ಹಿರಿಯರು, ಹೆಂಡತಿಗೂ ಮಕ್ಕಳಿಗೂ ತಾವು ಹೋಗಲಾಗದ ಕೋಣೆಯಿರುವುದನ್ನು ಸಹಿಸಲಾರರು. ಅದಕ್ಕೆ ನಮ್ಮ ಸಮಾಧಾನವಿಷ್ಟು. ಅವಿಭಕ್ತ ಕುಟುಂಬದ ಧರ್ಮವನ್ನು ವಿಚಾರಿಸಿದ ಗ್ರಂಥಗಳಲ್ಲಿ ಮಿತಾಕ್ಷರೆಗೆ ಅಗ್ರಸ್ಥಾನವಿದೆ. ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವಾದ ಅದನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಇದ್ದವನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವಾಮ್ಯವುಂಟೆಂದು ಸಾಧಿಸಿ, ಕೂಡುಮನೆಯ ಕಟ್ಟನ್ನು ಅಷ್ಟು ಬಿಗಿಮಾಡಿದವನು ಅವನು. ಅಂಥವನೇ ಸ್ತ್ರೀಧನವು ಸ್ತ್ರೀಯದೆಂದೂ, ಪಿತ್ರಾರ್ಜಿತಕ್ಕೆ ಹಾನಿ ತಾರದೆ ಒಬ್ಬನು ತಾನಾಗಿ ಗಳಿಸಿದ್ದು ಅವನದೆಂದೂ ಒಪ್ಪಿದ್ದಾನೆ. ಕೂಡಿರುವುದೆಂದರೆ ಎಲ್ಲವನ್ನೂ ಒಂದೇ ರಾಶಿಯಲ್ಲಿ ಸುರಿಯುವುದೆಂದು ನಮ್ಮ ಹಿರಿಯರು ಎಂದೂ ಎಣಿಸಿರಲಿಲ್ಲ. ಅಧಿಕಾರವೆಂಬ ಶಬ್ದವನ್ನು ಕೇಳಿದರೆ ಈಗ ದರ್ಪದ ನೆನಪಾಗುತ್ತದೆ. ಶಾಸ್ತ್ರಕಾರರು ಅದನ್ನು ಒಂದು ಕರ್ಮವನ್ನು ಮಾಡುವುದಕ್ಕೆ ಇರುವ ಅರ್ಹತೆ ಎಂಬರ್ಥದಲ್ಲಿ ಬಳಸಿದರು. ಸರ್ವರಿನ ಅಂಕಿಗಳನ್ನು ಆ ಅರ್ಥದಲ್ಲಿಯೇ ನೋಡತಕ್ಕದ್ದು. ಅಜ್ಜನಿಗೆ ೭೦೦ರ ಕೋಣೆಯಿದ್ದರೆ ಅವರ ಹಸ್ತಪ್ರತಿಗಳು ಮೊಮ್ಮಗನ ಆಟದಿಂದ ಸುರಕ್ಷಿತ. ಮೊಮ್ಮಗನಿಗೂ ಇನ್ನೊಬ್ಬರದನ್ನು ಕೆಡಿಸುವೆನೆಂಬ ಭಯವಿಲ್ಲ. ಸೊಸೆಗೆ ತನ್ನದೇ ಹೆಸರಿದ್ದರೆ, ಆಕೆ ಮಾಡದ ತಪ್ಪು ಆಕೆಯ ತಲೆಗೆ ಬರುವ ಸಂಭವವಿಲ್ಲ. ಓಪನ್ ಎಸ್.ಎಸ್.ಎಚ್.ಗೆ ಹೇಳಿಟ್ಟರೆ, ಯಾರು ಯಾವಾಗ ಯಾವ ಕಡತವನ್ನು ಇಟ್ಟರು, ಯಾವುದನ್ನು ಅಳಿಸಿದರು ಎಂಬುದನ್ನು ಅದು ದಿನಚರಿಯಲ್ಲಿ ಬರೆದಿಡುತ್ತದೆ. ಹೆಸರುಗಳು ಬೇರೆ ಬೇರೆಯಾಗಿದ್ದಾಗ ಮಾತ್ರವೇ ಆ ದಿನಚರಿ ಸಾಕ್ಷಿಯಾಗಬಲ್ಲುದು.

ಪರಊರಿನಲ್ಲಿಯೋ ಪರದೇಶದಲ್ಲಿಯೋ ಇರುವ ಮಕ್ಕಳಿಗೂ ಪಡಸಾಲೆ ಬೇಕೆಂಬುದು ಸಹಜ. ಆದರೆ ಸರ್ವರಿನ ಬಾಗಿಲನ್ನು ಅಂತರ್ಜಾಲದ ಬೀದಿಗೆ ತೆರೆದಿಟ್ಟರೆ, ಪಾಸ್‌ವರ್ಡುಗಳನ್ನು ಒಂದಾದಮೇಲೊಂದು ಊಹಿಸಿ ನೋಡುವ ಯಂತ್ರಗಳು ಎಲ್ಲೆಲ್ಲಿಂದಲೋ ಬಂದು ತಟ್ಟತೊಡಗುತ್ತವೆ. ಅಲ್ಲದೆ ನಮ್ಮ ದೇಶದ ಹಲವು ಮನೆಗಳ ಸಂಪರ್ಕಕ್ಕೆ ಹೊರಗಿನಿಂದ ತಲಪಬಹುದಾದ ಸ್ವಂತ ವಿಳಾಸವೇ ಇರುವುದಿಲ್ಲ. ಹಲವು ಮನೆಗಳು ಒಂದೇ ವಿಳಾಸವನ್ನು ಹಂಚಿಕೊಂಡಿರುತ್ತವೆ. ದೂರದವರಿಗಾಗಿ ವಿ.ಪಿ.ಎನ್. ಎಂಬ ಖಾಸಗಿ ಓಣಿಯನ್ನು ಏರ್ಪಡಿಸುವುದು ಕ್ಷೇಮಕರ. ಬಾಗಿಲನ್ನು ತೆರೆಯಲೇಬೇಕಾದಲ್ಲಿ, ಪಾಸ್‌ವರ್ಡಿನ ಪ್ರವೇಶವನ್ನು ನಿಲ್ಲಿಸಿ ಜೋಡಿಕೀಲಿಗಳ ಕ್ರಮವನ್ನು ಅನುಸರಿಸಬೇಕು. ಅದರಲ್ಲಿ ಒಂದು ಕೀಲಿಯನ್ನು ಸರ್ವರಿಗೆ ಕೊಟ್ಟಿರುತ್ತಾರೆ. ಅದು ಬಯಲಾದರೂ ಬಾಧಕವಿಲ್ಲ. ಇನ್ನೊಂದು ಅವರವರ ಉಪಕರಣದಲ್ಲಿಯೇ ಗುಪ್ತವಾಗಿರುತ್ತದೆ. ಮೊಬೈಲು ಕಳೆದುಹೋದರೆ ಆ ಒಬ್ಬರ ಕೀಲಿಯನ್ನು ರದ್ದುಮಾಡಿದರಾಯಿತು. ಮನೆಮಂದಿಯೆಲ್ಲ ಪಾಸ್‌ವರ್ಡು ಬದಲಾಯಿಸುವ ಗೋಜಿಲ್ಲ.

ಇನ್ನೆರಡು ಮಾತುಗಳನ್ನು ಹೇಳದೆ ಮುಗಿಸಲಾರೆವು. ಅಧಿಕಾರಗಳನ್ನು ಎಷ್ಟು ಚೆನ್ನಾಗಿ ಹಂಚಿದರೂ ಡಿಸ್ಕು ಕೆಟ್ಟರೆ ಎಲ್ಲವೂ ಹೋಗುತ್ತದೆ. ಒಡೆಯನೇ ಕೈತಪ್ಪಿ ತನ್ನದನ್ನು ಅಳಿಸಿಕೊಂಡರೆ ಯಾವ ಅಂಕಿಯೂ ತಡೆಯಲಾರದು. ಆದಕಾರಣ ಪಡಸಾಲೆಯ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದು, ಸಾಧ್ಯವಾದರೆ ಬೇರೆ ಊರಿನ ಬಂಧುಗಳ ಮನೆಯಲ್ಲಿಡಬೇಕು. ಆ ಪ್ರತಿಯು ಹುಡುಗನ ಮೊಬೈಲಿನ ಹೊಂದಾಣಿಕೆಯಂತೆ ಅಳಿಸಿದುದನ್ನೂ ಅನುಕರಿಸುವಂಥದಾಗಿರಕೂಡದು.

ಎರಡನೆಯ ಮಾತು ಯಜಮಾನಿಕೆಯ ಪಾಸ್‌ವರ್ಡನ್ನು ಕುರಿತದ್ದು. ಏರ್ಪಾಡು ಮಾಡಿದವರು ಅದನ್ನು ತಮ್ಮ ತಲೆಯಲ್ಲಿಯೇ ಇಟ್ಟುಕೊಂಡಿರುವುದು ಸಾಮಾನ್ಯ. ಮನುಷ್ಯನ ಆ ತಲೆ ಎಷ್ಟು ದಿನ? ನಾಳೆ ಅವರು ಇಲ್ಲವಾದರೆ, ಮನೆಯ ಕ್ರಯಪತ್ರದ ನಕಲೂ ವಿಮೆಯ ಕಾಗದವೂ ಮಗುವಿನ ಮೊದಲ ನಗುವೂ ಆ ಸಣ್ಣ ಪೆಟ್ಟಿಗೆಯಲ್ಲಿದ್ದೂ ಮನೆಯವರ ಕೈಗೆ ಸಿಗದೆ ಹೋಗಬಹುದು. ಆದುದರಿಂದ ಯಜಮಾನಿಕೆಯ ಪಾಸ್‌ವರ್ಡನ್ನೂ, ಯಾವ ಫೋಲ್ಡರು ಎಲ್ಲಿದೆಯೆಂಬ ವಿವರವನ್ನೂ, ಇನ್ನೊಂದು ಪ್ರತಿಯಿರುವ ಸ್ಥಳವನ್ನೂ ಕನ್ನಡದಲ್ಲಿ ಬಿಡಿಸಿ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಮನೆಯ ಕಾಗದಪತ್ರಗಳ ಜೊತೆಯಲ್ಲಿಡತಕ್ಕದ್ದು. ಅದು ಅಲ್ಲಿದೆಯೆಂಬುದು ಗೃಹಿಣಿಗೆ ಅವಶ್ಯವಾಗಿ ತಿಳಿದಿರಬೇಕು. ಉಗ್ರಾಣದ ಬೀಗದ ಕೈ ಆಕೆಯ ಸೊಂಟದಲ್ಲಿದ್ದ ಮನೆಗಳಲ್ಲಿ, ಈ ಹೊಸ ಉಗ್ರಾಣದ ವಿಷಯದಲ್ಲಿ ಮಾತ್ರ ಆಕೆಯನ್ನು ಹೊರಗಿಡುವುದಕ್ಕೆ ನಮಗೆ ಯಾವ ಕಾರಣವೂ ಕಾಣುವುದಿಲ್ಲ.

ಒಂದೇ ಪಾಸ್‌ವರ್ಡಿನಿಂದ ಸರ್ವರನ್ನು ನಡೆಸುತ್ತಿರುವ ವಾಚಕರು, ಮುಂದಿನ ಭಾನುವಾರವೇ ಮನೆಯವರನ್ನೆಲ್ಲ ಕೂಡಿಸಿಕೊಂಡು, ಅವರವರ ಹೆಸರುಗಳನ್ನು ಅವರ ಎದುರಿಗೇ ನಿರ್ಮಿಸಿ, ಪಾಸ್‌ವರ್ಡನ್ನು ಅವರವರ ಕೈಯಿಂದಲೇ ಬರೆಯಿಸಬೇಕೆಂದು ನಮ್ಮ ಪ್ರಾರ್ಥನೆ. ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ, ಅಂದು ಸಂಜೆ ಪಡಸಾಲೆಯಲ್ಲಿ ಮೊದಲು ಇಡುವ ಕಡತ ಅವರ ಧ್ವನಿಯಾಗಲಿ.